ಬೇಸಿಗೆಯಲ್ಲಿ ಆರ್‌ಸಿಸಿಬಿ ಪದೇ ಪದೇ ಬೀಳುತ್ತಿದೆಯೇ? ತೆಗೆಸಬೇಡಿ, ಕಾರಣ ಹುಡುಕಿ

ಪ್ರಶ್ನೆ: ನಮ್ಮ ಮನೆ ಸಿಂಧನೂರಿನಲ್ಲಿದೆ. ಕಟ್ಟಿಸಿ ನಾಲ್ಕು ವರ್ಷವಾಯಿತು, ಸಿಂಗಲ್ ಫೇಸ್ ಸಂಪರ್ಕ. ಮಾರ್ಚ್ ಬಂದಾಗಿನಿಂದ ಡಿಬಿ ಬಾಕ್ಸ್‌ನಲ್ಲಿರುವ (ಮನೆಯ ಮುಖ್ಯ ಸ್ವಿಚ್‌ಗಳ ಪೆಟ್ಟಿಗೆ) ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಪದೇ ಪದೇ ಬೀಳುತ್ತಿದೆ, ಅಂದರೆ ತಾನಾಗಿಯೇ ಆಫ್ ಆಗುತ್ತಿದೆ. ಬೋರ್ ಮೋಟಾರ್ ಹಾಕಿದಾಗ ಹೆಚ್ಚು. ಕರೆಂಟ್ ಹೋಗಿ ಮನೆ ಇನ್ವರ್ಟರ್ ಮೇಲೆ ನಡೆಯುತ್ತಿರುವಾಗಲೂ ಒಮ್ಮೊಮ್ಮೆ ಬಿದ್ದಿರುತ್ತದೆ. ಇನ್ವರ್ಟರ್ ಹಾಕಿಸಿದ್ದು ಫೆಬ್ರುವರಿಯಲ್ಲಿ. ಬರಿಗಾಲಿನಲ್ಲಿ ನಿಂತು ತಗಡಿನ ಕೂಲರ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ವೈರಿಂಗ್ ಮಾಡಿದವರು, ‘ಆರ್‌ಸಿಸಿಬಿ ತೆಗೆದು ಡೈರೆಕ್ಟ್ ಕೊಟ್ಟುಬಿಡೋಣ, ಹೇಗೂ ಎಂಸಿಬಿ (ಲೋಡ್ ಮಿತಿಮೀರಿದರೆ ಬೀಳುವ ಸ್ವಿಚ್) ಇದೆಯಲ್ಲ’ ಎನ್ನುತ್ತಾರೆ. ಹಾಗೆ ಮಾಡಬಹುದೇ?

ಉತ್ತರ: ಮಾಡಬೇಡಿ. ಈ ಉತ್ತರ ಪೂರ್ತಿ ಓದುವ ಮೊದಲೇ ಆ ಕೂಲರ್‌ನ ಪ್ಲಗ್ ಕಿತ್ತು ಪಕ್ಕಕ್ಕಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ತೆಗೆಯಿರಿ. ರಾಯಚೂರು ಸೀಮೆಯ ಬಿಸಿಲಿನಲ್ಲಿ, ಅದರಲ್ಲೂ ಮನೆಯಲ್ಲಿ ಮಕ್ಕಳಿದ್ದರೆ, ಇದು ಸುಲಭದ ಮಾತಲ್ಲ ಎಂದು ನನಗೆ ಗೊತ್ತು. ಆದರೂ ನೀವು ಬರೆದಿರುವ ಸಂಗತಿಗಳಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸಿದ್ದು ಟ್ರಿಪ್ ಆಗುವ ಆರ್‌ಸಿಸಿಬಿ ಅಲ್ಲ, ಜುಮ್ಮೆನ್ನುವ ಕೂಲರ್.

ಎಂಸಿಬಿ ಇದ್ದರೆ ಸಾಕು ಎಂಬ ಮಾತು ಎಲ್ಲಿ ತಪ್ಪುತ್ತದೆ ಎಂಬುದನ್ನು ಮೊದಲು ಲೆಕ್ಕ ಹಾಕಿಯೇ ನೋಡೋಣ. ಎಂಸಿಬಿ ಬೀಳುವುದು ತಂತಿಯಲ್ಲಿ ಮಿತಿಮೀರಿದ ಕರೆಂಟ್ ಹರಿದಾಗ ಮಾತ್ರ. ಕೂಲರ್ ಒಳಗಿನ ಫೇಸ್ ತಂತಿ ಸುಲಿದು ತಗಡಿಗೆ ತಾಗಿತು ಎಂದುಕೊಳ್ಳಿ. ಕರೆಂಟ್ ಅರ್ಥಿಂಗ್ ತಂತಿಯ ಮೂಲಕ ನಿಮ್ಮ ಹಿತ್ತಲಿನ ಅರ್ಥ್ ಗುಂಡಿಗೆ ಇಳಿದು, ನೆಲದ ಮೂಲಕ ಟ್ರಾನ್ಸ್‌ಫಾರ್ಮರ್‌ಗೆ ಮರಳಬೇಕು. ಆ ದಾರಿಯ ಒಟ್ಟು ರೋಧ 10 ಓಮ್ ಎಂದಿಟ್ಟುಕೊಂಡರೆ, 230 ವೋಲ್ಟ್‌ಗೆ ಹರಿಯುವುದು 23 ಆಂಪಿಯರ್. 16 ಆಂಪಿಯರ್‌ನ ಎಂಸಿಬಿ ತನ್ನ ಅಳತೆಯ 1.45 ಪಟ್ಟು, ಅಂದರೆ ಸುಮಾರು 23 ಆಂಪಿಯರ್ ಹರಿದಾಗ ಬೀಳಲು ಒಂದು ಗಂಟೆಯವರೆಗೂ ಸಮಯ ತೆಗೆದುಕೊಳ್ಳಬಹುದು. ಅದು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬೀಳಬೇಕಾದರೆ, ಮನೆಗಳಲ್ಲಿ ಸಾಮಾನ್ಯವಾಗಿ ಹಾಕುವ ‘ಸಿ’ ಮಾದರಿಯಲ್ಲಿ 80ರಿಂದ 160 ಆಂಪಿಯರ್ ಹರಿಯಬೇಕು. ಅರ್ಥ್ ಗುಂಡಿಯನ್ನು ನಂಬಿದ ಮನೆಯಲ್ಲಿ ಅಷ್ಟು ಕರೆಂಟ್ ಹರಿಯುವುದೇ ಇಲ್ಲ. ಅಷ್ಟೂ ಹೊತ್ತು ಕೂಲರ್‌ನ ಮೈ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಹೊತ್ತು ನಿಂತಿರುತ್ತದೆ.

ಆರ್‌ಸಿಸಿಬಿಯ ಕೆಲಸವೇ ಬೇರೆ. ಫೇಸ್‌ನಲ್ಲಿ ಒಳಗೆ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ಹೊರಗೆ ಬರುತ್ತಿದೆಯೇ ಎಂದು ಅದು ತಕ್ಕಡಿಯಂತೆ ತೂಗುತ್ತಿರುತ್ತದೆ. ಮನೆಗಳಿಗೆ ಹಾಕುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ 15ರಿಂದ 30 ಮಿಲಿಆಂಪಿಯರ್ ವ್ಯತ್ಯಾಸ ಕಂಡರೆ ಬೀಳುತ್ತದೆ. ವ್ಯತ್ಯಾಸ 30 ಮುಟ್ಟಿದರೆ ಹೆಚ್ಚೆಂದರೆ 0.3 ಸೆಕೆಂಡು, ಅದರ ಐದು ಪಟ್ಟಾದರೆ 0.04 ಸೆಕೆಂಡಿನಲ್ಲಿ ಬೀಳಬೇಕು ಎಂಬುದು ನಿಯಮ. ಈಗ ಮನುಷ್ಯನ ದೇಹದ ಕಡೆ ನೋಡಿ. ಒಂದು ಮಿಲಿಆಂಪಿಯರ್ ಹರಿದರೆ ಜುಮ್ಮೆನ್ನುತ್ತದೆ. ಹತ್ತು ದಾಟಿದರೆ ಸ್ನಾಯುಗಳು ಬಿಗಿದು, ಹಿಡಿದ ಕೈ ಬಿಡಿಸಿಕೊಳ್ಳಲು ಆಗುವುದಿಲ್ಲ. ಮೂವತ್ತು ದಾಟಿ ಹೊತ್ತು ಕಳೆದರೆ ಉಸಿರು, ಹೃದಯ ಎರಡಕ್ಕೂ ಅಪಾಯ. ಒದ್ದೆ ಕೈ, ಬರಿಗಾಲು ಇದ್ದರೆ ದೇಹದ ರೋಧ ಸುಮಾರು ಒಂದು ಸಾವಿರ ಓಮ್‌ಗೆ ಇಳಿಯುತ್ತದೆ. ಆಗ ಹರಿಯುವುದು 230 ಮಿಲಿಆಂಪಿಯರ್. ಎಂಸಿಬಿಗೆ ಇದು ಲೆಕ್ಕಕ್ಕೇ ಇಲ್ಲದ ಕರೆಂಟ್, ಒಂದು ಸಣ್ಣ ಬಲ್ಬ್ ಉರಿದಷ್ಟು. ಮನುಷ್ಯನ ಜೀವ ಉಳಿಸಲೆಂದು ಡಿಬಿ ಬಾಕ್ಸ್‌ನಲ್ಲಿ ಇರುವುದು ಆರ್‌ಸಿಸಿಬಿ ಒಂದೇ. ಅದನ್ನೇ ತೆಗೆಯೋಣ ಎನ್ನುವವರ ಮಾತಿಗೆ ದಯವಿಟ್ಟು ಒಪ್ಪಬೇಡಿ.

ಇನ್ನು ನಿಮ್ಮ ಮನೆಗೆ ಬರೋಣ. ನೀವು ಕೊಟ್ಟ ವಿವರಗಳಿಂದ ನನಗೆ ಕಾಣುವುದು ಒಂದು ದೋಷವಲ್ಲ, ಮೂರು. ಎಲ್ಲವೂ ಒಂದೇ ಹಂಗಾಮಿನಲ್ಲಿ ಸೇರಿಕೊಂಡಿವೆ.

ಕೂಲರ್‌ನಿಂದ ಆರಂಭಿಸುತ್ತೇನೆ. ಅರ್ಥಿಂಗ್ ಸರಿಯಿರುವ ಕೂಲರ್‌ನಲ್ಲಿ ಸೋರಿಕೆ ಇದ್ದರೂ ಮುಟ್ಟಿದವರಿಗೆ ಜುಮ್ಮೆನ್ನಬಾರದು. ಸೋರಿದ ಕರೆಂಟ್ ಹಸಿರು ತಂತಿಯಲ್ಲಿ ಇಳಿದು ಹೋಗಬೇಕು, ಹೆಚ್ಚಾದರೆ ಆರ್‌ಸಿಸಿಬಿ ಬೀಳಬೇಕು. ನಿಮ್ಮಲ್ಲಿ ಎರಡೂ ಆಗುತ್ತಿಲ್ಲ, ಬದಲಿಗೆ ಅದು ನಿಮ್ಮ ಮೈಯನ್ನು ದಾರಿ ಮಾಡಿಕೊಂಡಿದೆ. ಹಾಗಾಗಿ ಕೂಲರ್‌ನ ತಗಡಿಗೂ ಅರ್ಥ್ ಗುಂಡಿಗೂ ನಡುವೆ ಎಲ್ಲೋ ತಂತಿ ಕಡಿದಿದೆ, ಅಥವಾ ಗುಂಡಿಯೇ ಸತ್ತಿದೆ.

ಕೂಲರ್‌ನ ಪ್ಲಗ್ ಕಿತ್ತಿಟ್ಟಿದ್ದೀರಲ್ಲ, ಅದರ ನಡುವಿನ ಸ್ಕ್ರೂ ಬಿಚ್ಚಿ ಎರಡು ಹೋಳು ಮಾಡಿ. ಮೂರು ಪಿನ್‌ಗಳಲ್ಲಿ ದಪ್ಪಗೆ, ಉದ್ದವಾಗಿ ಇರುವುದು ಅರ್ಥ್ ಪಿನ್. ಅದರ ಬುಡದ ಸಣ್ಣ ಸ್ಕ್ರೂಗೆ ಹಸಿರು ತಂತಿ ಬಿಗಿದಿರಬೇಕು. ನಮ್ಮ ಕಡೆಯ ಎಷ್ಟೋ ಕೂಲರ್‌ಗಳಲ್ಲಿ ಆ ಸ್ಕ್ರೂ ಖಾಲಿ ಇರುತ್ತದೆ, ಏಕೆಂದರೆ ಕೂಲರ್‌ಗೆ ಹಾಕಿದ ವೈರ್‌ನಲ್ಲಿ ಎರಡೇ ಎಳೆ. ಪ್ಲಗ್ ಸರಿಯಿದ್ದರೆ ಎಕ್ಸ್‌ಟೆನ್ಷನ್ ಬೋರ್ಡ್ ನೋಡಿ. ಮೇಲೆ ಮೂರು ರಂಧ್ರ, ಒಳಗೆ ಎರಡು ಎಳೆಯ ವೈರ್ ಇರುವ ಬೋರ್ಡ್‌ಗಳು ಅಗ್ಗಕ್ಕೆ ಬೇಕಾದಷ್ಟು ಸಿಗುತ್ತವೆ. ಕೂಲರ್ ಕಿಟಕಿಯ ಹೊರಗೆ, ಪ್ಲಗ್ ಪಾಯಿಂಟ್ ಒಳಗಿನ ಮೂಲೆಯಲ್ಲಿ ಇರುವ ಮನೆಗಳಲ್ಲಿ ಇಂಥ ಬೋರ್ಡ್ ನಡುವೆ ಸೇರಿಕೊಂಡೇ ಇರುತ್ತದೆ. ಅದನ್ನು ಬಿಸಾಡಿ, ಮೂರು ಎಳೆಯ ವೈರ್ ಹಾಕಿಸಿ, ಹಸಿರು ಎಳೆಯನ್ನು ಕೂಲರ್‌ನ ತಗಡಿಗೆ ನಟ್-ಬೋಲ್ಟ್ ಹಾಕಿ ಬಿಗಿಸಿ. ಬೋಲ್ಟ್ ಕೂರುವ ಜಾಗದಲ್ಲಿ ಬಣ್ಣ ಕೆರೆದು ಲೋಹ ಕಾಣುವಂತೆ ಮಾಡಬೇಕು, ಬಣ್ಣದ ಮೇಲೆ ಬಿಗಿದರೆ ಪ್ರಯೋಜನವಿಲ್ಲ.

ಸೋರಿಕೆ ಹುಟ್ಟುವ ಜಾಗ ಬಹುಮಟ್ಟಿಗೆ ನೀರಿನ ಪಂಪ್ ಅಥವಾ ಅದರ ವೈರ್. ಚಳಿಗಾಲವೆಲ್ಲ ಅಟ್ಟದ ಮೇಲೋ ಹಿತ್ತಲಲ್ಲೋ ಬಿದ್ದಿದ್ದ ಕೂಲರ್ ಅನ್ನು ಮಾರ್ಚ್‌ನಲ್ಲಿ ಇಳಿಸಿ, ನೀರು ತುಂಬಿ, ಹಾಗೆಯೇ ಚಾಲೂ ಮಾಡುತ್ತೇವೆ. ಅಷ್ಟರಲ್ಲಿ ಇಲಿ ವೈರ್ ಕಡಿದಿರಬಹುದು, ಪಂಪ್‌ನ ಒಳಗಿನ ಲೇಪನ ಬಿರಿದಿರಬಹುದು. ಅದರ ಮೇಲೆ ಸವಳು ನೀರು. ಉಪ್ಪಿನಂಶ ಹೆಚ್ಚಿದ್ದಷ್ಟೂ ನೀರಿನಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತದೆ. ಪ್ಯಾಡ್ ಮೇಲೆ, ತೊಟ್ಟಿಯ ಅಂಚಿನಲ್ಲಿ ಬಿಳಿ ಹರಳು ಕಟ್ಟಿದ್ದರೆ ನಿಮ್ಮ ಬೋರ್ ನೀರು ಆ ಬಗೆಯದು ಎಂದೇ ತಿಳಿಯಿರಿ. ಪಂಪ್ ದುಬಾರಿ ವಸ್ತುವಲ್ಲ, ಅನುಮಾನವಿದ್ದರೆ ಬದಲಾಯಿಸಿಬಿಡಿ. ಚಾಲೂ ಇರುವ ಕೂಲರ್‌ಗೆ ಪೈಪ್ ಹಿಡಿದು ನೀರು ತುಂಬುವ ಅಭ್ಯಾಸವನ್ನು ಇಂದೇ ಬಿಡಿ. ಪ್ಲಗ್ ಕಿತ್ತ ಮೇಲೆಯೇ ನೀರು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೂಲರ್‌ಗೆ ಸರಿಯಾದ ಅರ್ಥಿಂಗ್ ಕೊಟ್ಟ ಕೂಡಲೇ ಆರ್‌ಸಿಸಿಬಿ ಇನ್ನೂ ಹೆಚ್ಚು ಬೀಳಬಹುದು. ಗಾಬರಿಯಾಗಬೇಡಿ. ಇಷ್ಟು ದಿನ ನಿಮ್ಮ ಕೈಗಾಗಿ ಕಾಯುತ್ತಿದ್ದ ಕರೆಂಟ್‌ಗೆ ಈಗ ಸರಿಯಾದ ದಾರಿ ಸಿಕ್ಕಿದೆ, ಆರ್‌ಸಿಸಿಬಿಗೆ ಅದು ಕಾಣುತ್ತಿದೆ. ಸೋರಿಕೆ ನಿಲ್ಲಿಸಿದರೆ ಬೀಳುವುದೂ ನಿಲ್ಲುತ್ತದೆ.

ಅರ್ಥ್ ಗುಂಡಿಯ ವಿಷಯದಲ್ಲಿ ಸಿಂಧನೂರಿನ ಮಣ್ಣಿಗೆ ಅದರದೇ ಸ್ವಭಾವವಿದೆ. ಎರೆಮಣ್ಣು ಹಸಿಯಿದ್ದಾಗ ಅರ್ಥಿಂಗ್‌ಗೆ ತುಂಬಾ ಒಳ್ಳೆಯದು, ಅದರ ರೋಧ ಕಡಿಮೆ. ಆದರೆ ಒಣಗಿದಾಗ ಅದು ಕುಗ್ಗಿ ಬಿರುಕು ಬಿಡುತ್ತದೆ. ಹೊಲದಲ್ಲಿ ಕಾಲು ಇಳಿಯುವಂಥ ಬಿರುಕುಗಳನ್ನು ನೀವೇ ನೋಡಿರುತ್ತೀರಿ. ಗುಂಡಿಯಲ್ಲೂ ಅದೇ ನಡೆದು, ಪೈಪ್‌ಗೂ ಮಣ್ಣಿಗೂ ನಡುವೆ ಸಂದು ಬೀಳುತ್ತದೆ. ಸಂದಿನಲ್ಲಿ ಇರುವುದು ಗಾಳಿ, ಅದರಲ್ಲಿ ಕರೆಂಟ್ ಹರಿಯದು. ನವೆಂಬರ್‌ನಲ್ಲಿ ಸರಿಯಿದ್ದ ಗುಂಡಿ ಏಪ್ರಿಲ್‌ನಲ್ಲಿ ಕೈಕೊಡುವುದು ಹೀಗೆ. ಲಿಂಗಸುಗೂರು, ಮಸ್ಕಿ, ಕೊಪ್ಪಳದ ಕಡೆಯ ಮಸಾರಿ ನೆಲದಲ್ಲಿ, ನಾಲ್ಕಡಿಗೇ ಬಂಡೆ ಹತ್ತುವಲ್ಲಿ ತೊಂದರೆ ಬೇರೆ. ಅಲ್ಲಿ ರೋಧ ವರ್ಷವಿಡೀ ಹೆಚ್ಚು. ಅಂಥಲ್ಲಿ ಎರಡು ಗುಂಡಿ ತೋಡಿ ಜೋಡಿಸಬೇಕಾಗುತ್ತದೆ, ಅವುಗಳ ನಡುವಿನ ಅಂತರ ಪೈಪ್‌ನ ಉದ್ದಕ್ಕಿಂತ ಎರಡು ಪಟ್ಟು ಇರಬೇಕು.

ಮೈನ್ ಆಫ್ ಮಾಡಿ, ಇನ್ವರ್ಟರ್ ಕೂಡ ಆಫ್ ಮಾಡಿ, ಆಮೇಲೆ ಹಿತ್ತಲಿಗೆ ಹೋಗಿ ಗುಂಡಿಯ ಮುಚ್ಚಳ ತೆಗೆದು ನೋಡಿ. ಪೈಪ್‌ನ ತಲೆಗೆ ತಂತಿ ಬಿಗಿದ ಬೋಲ್ಟ್ ಇರುತ್ತದೆ. ದೂರಕ್ಕೆ ಗಟ್ಟಿಯಾಗಿಯೇ ಕಾಣುತ್ತದೆ. ಒಣ ಕೋಲಿನಿಂದ ತಂತಿಯನ್ನು ಮೆಲ್ಲಗೆ ಅಲುಗಿಸಿ. ಬೋಲ್ಟ್ ಸಂದಿನಿಂದ ಕೆಂಪು ಪುಡಿ ಉದುರಿದರೆ, ತಂತಿಯ ಸುತ್ತ ಬಿಳಿ ಅಥವಾ ಹಸಿರು ಹಕ್ಕಳೆ ಕಟ್ಟಿದ್ದರೆ, ಸಂಪರ್ಕ ಹೆಸರಿಗಷ್ಟೇ ಇದೆ. ಗುಂಡಿಗೆ ಹಾಕಿದ ಉಪ್ಪೇ ಆ ಬೋಲ್ಟ್ ಅನ್ನು ತಿಂದಿರುತ್ತದೆ. ಕೆರೆದು ಸ್ವಚ್ಛಮಾಡಿ ಹೊಸ ಬೋಲ್ಟ್ ಹಾಕಿಸಿ. ಮನೆ ಕಟ್ಟುವ ಅವಸರದಲ್ಲಿ ಮೂರಡಿ ಪೈಪ್ ಹುಗಿದು ಮುಗಿಸಿರುವ ಸಾಧ್ಯತೆಯೂ ಇದೆ. ಭಾರತೀಯ ಮಾನಕ 3043 ಹೇಳುವುದು ಕನಿಷ್ಠ 2.5 ಮೀಟರ್, ಅಂದರೆ ಎಂಟಡಿ ಉದ್ದದ, 38 ಮಿಲಿಮೀಟರ್ ಒಳವ್ಯಾಸದ ಜಿಐ ಪೈಪ್. ಬೇಸಿಗೆಯಲ್ಲಿ ವಾರಕ್ಕೆರಡು ಬಾರಿ ಒಂದೊಂದು ಕೊಡ ನೀರು ಗುಂಡಿಗೆ ಹೋಗಲಿ. ಕೂಲರ್ ತೊಟ್ಟಿ ತೊಳೆದ ನೀರನ್ನು ಅಲ್ಲಿಗೇ ಹಾಕಿದರೂ ಆದೀತು.

ಅರ್ಥಿಂಗ್ ಕೆಟ್ಟ ಮನೆಗಳಲ್ಲಿ ಕೆಲವರು ಮಾಡುವ ಒಂದು ಕೆಲಸವಿದೆ. ಸಾಕೆಟ್‌ನ ಹಿಂದೆ ನ್ಯೂಟ್ರಲ್‌ನಿಂದ ಅರ್ಥ್ ಪಿನ್‌ಗೆ ಒಂದು ತುಂಡು ತಂತಿ ಜೋಡಿಸಿ, ‘ಅರ್ಥ್ ಬಂತು’ ಎನ್ನುವುದು. ನಿಮ್ಮ ಮನೆಯಲ್ಲಿ ಅಂಥ ಜೋಡಣೆ ಕಂಡರೆ ಕೂಡಲೇ ತೆಗೆಸಿ. ಕಂಬದ ಹತ್ತಿರವೋ ಮೀಟರ್ ಹತ್ತಿರವೋ ನ್ಯೂಟ್ರಲ್ ಕಡಿದರೆ ಕೂಲರ್, ಫ್ರಿಜ್, ಗ್ರೈಂಡರ್ ಎಲ್ಲದರ ಮೈಗೂ ಒಂದೇ ಬಾರಿಗೆ 230 ವೋಲ್ಟ್ ಬಂದು ಕೂರುತ್ತದೆ. ನಲ್ಲಿಯ ಪೈಪ್‌ಗೆ ಅರ್ಥ್ ಕಟ್ಟುವುದೂ ಬೇಡ.

ಎರಡನೆಯ ದೋಷ ಇನ್ವರ್ಟರ್‌ನದು. ಕರೆಂಟೇ ಇಲ್ಲದಾಗ ಆರ್‌ಸಿಸಿಬಿ ಬೀಳುವುದು ವಿಚಿತ್ರ ಎನಿಸುತ್ತದೆ, ಆದರೆ ನನಗೆ ಅದೇ ದೊಡ್ಡ ಸುಳಿವು. ಬಹಳ ಮನೆಗಳಲ್ಲಿ ಇನ್ವರ್ಟರ್ ಕೂರಿಸುವವರು ಅದರಿಂದ ಫೇಸ್ ತಂತಿಯೊಂದನ್ನು ಮಾತ್ರ ಎಳೆದು, ದೀಪ-ಫ್ಯಾನುಗಳ ಹಳೆಯ ನ್ಯೂಟ್ರಲ್ ಅನ್ನೇ ಬಳಸುತ್ತಾರೆ. ಇನ್ವರ್ಟರ್‌ಗೆ ಕೊಡುವ ಲೈನನ್ನು ಆರ್‌ಸಿಸಿಬಿಗಿಂತ ಮೊದಲು, ಮೈನ್ ಹತ್ತಿರದಿಂದಲೇ ತೆಗೆದುಕೊಂಡಿದ್ದರೆ ಏನಾಗುತ್ತದೆ ನೋಡಿ. ಇನ್ವರ್ಟರ್‌ನಿಂದ ಹೊರಟ ಕರೆಂಟ್ ಫ್ಯಾನ್ ತಿರುಗಿಸಿ, ಡಿಬಿಯ ನ್ಯೂಟ್ರಲ್ ಪಟ್ಟಿಗೆ ಬಂದು, ಆರ್‌ಸಿಸಿಬಿಯ ನ್ಯೂಟ್ರಲ್ ಕಾಲಿನ ಮೂಲಕ ಮಾತ್ರ ಹಾದು ಇನ್ವರ್ಟರ್‌ಗೆ ಮರಳುತ್ತದೆ. ಫೇಸ್ ಕಾಲಿನಲ್ಲಿ ಏನೂ ಹರಿಯುವುದಿಲ್ಲ. ವ್ಯತ್ಯಾಸ ಕಂಡ ಆರ್‌ಸಿಸಿಬಿ ಬೀಳುತ್ತದೆ. ಇಲ್ಲಿ ಯಾವ ಸೋರಿಕೆಯೂ ಇಲ್ಲ, ಜೋಡಣೆಯೇ ತಪ್ಪು. ಇನ್ವರ್ಟರ್‌ನ ಲೈನನ್ನು ಫೇಸ್, ನ್ಯೂಟ್ರಲ್ ಎರಡೂ ಸೇರಿಸಿ ಅದೇ ಆರ್‌ಸಿಸಿಬಿಯ ನಂತರದಿಂದ ಕೊಟ್ಟರೆ ಸರಿಯಾಗುತ್ತದೆ. ಇನ್ವರ್ಟರ್ ಮೇಲಿನ ದೀಪ-ಫ್ಯಾನುಗಳ ನ್ಯೂಟ್ರಲ್ ಅನ್ನು ಬೇರೆ ಪಟ್ಟಿಗೆ ತಂದು, ಆ ಭಾಗಕ್ಕೆ ಪ್ರತ್ಯೇಕ ಆರ್‌ಸಿಸಿಬಿ ಹಾಕಿಸಿದರೆ ಇನ್ನೂ ಒಳ್ಳೆಯದು.

ಇನ್ವರ್ಟರ್ ಇರುವ ಮನೆಯವರೆಲ್ಲ ನೆನಪಿಡಬೇಕಾದದ್ದು: ಆರ್‌ಸಿಸಿಬಿ ಬಿದ್ದಿದೆ, ಮೈನ್ ಆಫ್ ಇದೆ ಎಂದ ಮಾತ್ರಕ್ಕೆ ತಂತಿಗಳಲ್ಲಿ ಕರೆಂಟ್ ಇಲ್ಲ ಎಂದಲ್ಲ. ಇನ್ವರ್ಟರ್ ತನ್ನ ಪಾಡಿಗೆ ಕೊಡುತ್ತಲೇ ಇರುತ್ತದೆ.

ಮೂರನೆಯದು ಬೋರ್ ಮೋಟಾರ್. ಇದಕ್ಕೆ ಎರಡು ಕಾರಣಗಳಿರಬಹುದು, ಎರಡರ ದುರಸ್ತಿಯೂ ಬೇರೆ ಬೇರೆ. ಒಂದು, ಮೋಟಾರ್‌ನ ವೈಂಡಿಂಗ್ ಅಥವಾ ಬೋರ್ ಒಳಗಿನ ಕೇಬಲ್ ಜಾಯಿಂಟ್‌ಗೆ ನೀರು ಹೊಕ್ಕು ನಿಜವಾಗಿಯೇ ಸೋರುತ್ತಿರುವುದು. ಇನ್ನೊಂದು, ಮೋಟಾರ್ ಸರಿಯೇ ಇದ್ದು, ಮನೆಯೊಳಗೆ ಎಲ್ಲೋ ನ್ಯೂಟ್ರಲ್ ಮತ್ತು ಅರ್ಥ್ ತಂತಿ ಒಂದಕ್ಕೊಂದು ತಾಗಿರುವುದು. ಗೋಡೆಯ ಬಾಕ್ಸ್‌ನಲ್ಲಿ ಕಪ್ಪು, ಹಸಿರು ತಂತಿಗಳನ್ನು ಒಟ್ಟಿಗೆ ಒತ್ತಿ ಪ್ಲೇಟ್ ಬಿಗಿಯುವಾಗ ಸ್ಕ್ರೂ ಚುಚ್ಚಿ ಹೀಗಾಗುತ್ತದೆ. ಕಡಿಮೆ ಲೋಡ್ ಇದ್ದಾಗ ಇದು ಗೊತ್ತೇ ಆಗುವುದಿಲ್ಲ. ಮೋಟಾರ್‌ನಂಥ ದೊಡ್ಡ ಲೋಡ್ ಎಳೆದಾಗ ನ್ಯೂಟ್ರಲ್‌ನ ಕರೆಂಟ್‌ನಲ್ಲಿ ಒಂದು ಪಾಲು ಅರ್ಥ್ ಕಡೆಗೆ ಹರಿದು ಆರ್‌ಸಿಸಿಬಿ ಬೀಳುತ್ತದೆ. ಮೋಟಾರ್ ಬಿಟ್ಟು ಇಸ್ತ್ರಿಪೆಟ್ಟಿಗೆಯನ್ನೋ ಗೀಸರ್ ಅನ್ನೋ ಹಾಕಿ ನೋಡಿ. ಆಗಲೂ ಬಿದ್ದರೆ ನನ್ನ ಅನುಮಾನ ಈ ಎರಡನೆಯ ಕಾರಣದ ಮೇಲೆ. ಯಾವ ಎಂಸಿಬಿ ಆಫ್ ಮಾಡಿದರೂ ಟ್ರಿಪ್ ನಿಲ್ಲುತ್ತಿಲ್ಲ ಎಂಬ ದೂರಿನ ಹಿಂದೆಯೂ ಇದೇ ಇರುತ್ತದೆ, ಏಕೆಂದರೆ ಮನೆಗಳ ಸಾಮಾನ್ಯ ಎಂಸಿಬಿ ಫೇಸ್ ಮಾತ್ರ ಕಡಿಯುತ್ತದೆ, ನ್ಯೂಟ್ರಲ್ ಹಾಗೆಯೇ ಉಳಿದಿರುತ್ತದೆ.

ನೀವೇ ಮಾಡಬಹುದಾದ ಪರೀಕ್ಷೆ ಇಷ್ಟು. ಇನ್ವರ್ಟರ್ ಆಫ್ ಮಾಡಿ. ಮನೆಯ ಎಲ್ಲ ಪ್ಲಗ್‌ಗಳನ್ನೂ ಕೀಳಿ, ಎಲ್ಲ ಎಂಸಿಬಿಗಳನ್ನೂ ಕೆಳಗಿಳಿಸಿ, ಆರ್‌ಸಿಸಿಬಿ ಮೇಲೆತ್ತಿ. ನಿಂತರೆ ಎಂಸಿಬಿಗಳನ್ನು ಒಂದೊಂದಾಗಿ ಏರಿಸುತ್ತ, ಪ್ರತಿಯೊಂದರ ನಂತರವೂ ಸ್ವಲ್ಪ ಹೊತ್ತು ಕಾಯಿರಿ. ಯಾವುದಕ್ಕೆ ಬಿತ್ತೋ ದೋಷ ಆ ಸಾಲಿನಲ್ಲಿದೆ. ಎಲ್ಲ ಏರಿಸಿದರೂ ನಿಂತರೆ ಪ್ಲಗ್‌ಗಳನ್ನು ಒಂದೊಂದಾಗಿ ಹಾಕಿ, ಕೂಲರ್ ಮಾತ್ರ ಬೇಡ. ಹೊರಗೋಡೆಯ ಸ್ವಿಚ್ ಬಾಕ್ಸ್‌ಗಳಲ್ಲಿ ಹಲ್ಲಿ, ಇರುವೆ ಸೇರಿಕೊಂಡಿರುವುದೂ ಉಂಟು. ಫ್ರಿಜ್‌ನ ಹೀಟರ್‌ನಲ್ಲಿ ಸೋರಿಕೆ ಇದ್ದರೆ ರಾತ್ರಿ ಯಾವುದೋ ಹೊತ್ತಿನಲ್ಲಿ ಬೀಳುತ್ತದೆ. ಡಿಬಿ ಬಾಕ್ಸ್‌ನ ಮುಂಭಾಗ ಬಿಚ್ಚುವ ಕೆಲಸಕ್ಕೆ ಮಾತ್ರ ನೀವು ಕೈ ಹಾಕಬೇಡಿ.

ಅಲ್ಲಿಂದ ಮುಂದೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಬರಬೇಕು. ಬರುವಾಗ ಮೆಗ್ಗರ್ (ತಂತಿಗಳ ಇನ್ಸುಲೇಷನ್ ಅಳೆಯುವ ಸಾಧನ) ಮತ್ತು ಅರ್ಥ್ ಟೆಸ್ಟರ್ (ಅರ್ಥ್ ಗುಂಡಿಯ ರೋಧ ಅಳೆಯುವ ಸಾಧನ) ತರಲು ಹೇಳಿ. ಸ್ಕ್ರೂಡ್ರೈವರ್‌ನಂಥ ಟೆಸ್ಟರ್ ಇಲ್ಲಿ ಸಾಲದು, ಅತಿ ಸಣ್ಣ ಕರೆಂಟ್‌ಗೂ ಅದು ಹೊತ್ತಿಕೊಳ್ಳುತ್ತದೆ, ಅಪಾಯ ಎಷ್ಟು ಎಂದು ಹೇಳುವುದಿಲ್ಲ. ಮೂರು ಅಳತೆಗಳನ್ನು ಕೇಳಿ ಬರೆದಿಟ್ಟುಕೊಳ್ಳಿ: ಗುಂಡಿಯ ರೋಧ ಎಷ್ಟು ಓಮ್, ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವಿನ ಇನ್ಸುಲೇಷನ್ ಎಷ್ಟು, ಸ್ಟಾರ್ಟರ್‌ನಿಂದ ಬಿಚ್ಚಿದ ಮೋಟಾರ್ ತಂತಿಗಳಿಗೂ ಅರ್ಥ್‌ಗೂ ನಡುವೆ 500 ವೋಲ್ಟ್‌ನಲ್ಲಿ ಎಷ್ಟು ಮೆಗಾಓಮ್. ಆರ್‌ಸಿಸಿಬಿಯೇ ಕೆಟ್ಟಿರಬಹುದೆಂಬ ವಾದ ಬಂದರೆ, ಅದರ ಹೊರಹೋಗುವ ಎರಡೂ ತಂತಿಗಳನ್ನು ಬಿಚ್ಚಿ ಮೇಲೆತ್ತಿ ನೋಡಲಿ. ಖಾಲಿ ಇದ್ದಾಗಲೂ ಬಿದ್ದರೆ ಮಾತ್ರ ಬದಲಾಯಿಸಿ. 30ರ ಬದಲು 100 ಮಿಲಿಆಂಪಿಯರ್‌ನದು ಹಾಕೋಣ ಎಂದರೆ ಒಪ್ಪಬೇಡಿ, ಅದು ಮನುಷ್ಯನನ್ನು ಕಾಯುವ ಅಳತೆಯಲ್ಲ. ಎಲ್ಲ ದೋಷ ತೆಗೆದ ಮೇಲೂ ಟ್ರಿಪ್ ನಿಲ್ಲದಿದ್ದರೆ ಮೋಟಾರ್‌ಗೆ ಮನೆಯ ಆರ್‌ಸಿಸಿಬಿಗಿಂತ ಮೊದಲೇ ಲೈನ್ ತೆಗೆದು ಪ್ರತ್ಯೇಕ 30 ಮಿಲಿಆಂಪಿಯರ್ ಆರ್‌ಸಿಬಿಒ (ಆರ್‌ಸಿಸಿಬಿ, ಎಂಸಿಬಿ ಎರಡರ ಕೆಲಸವನ್ನೂ ಮಾಡುವ ಸ್ವಿಚ್) ಹಾಕಿಸಿ. ಆಗ ಮೋಟಾರ್‌ನ ತೊಂದರೆಗೆ ಇಡೀ ಮನೆ ಕತ್ತಲಾಗುವುದಿಲ್ಲ.

ಆರ್‌ಸಿಸಿಬಿಯ ಮೇಲಿರುವ ‘ಟಿ’ ಬಟನ್ ಅನ್ನು ತಿಂಗಳಿಗೊಮ್ಮೆ ಒತ್ತಿ. ಒತ್ತಿದಾಗ ಬೀಳಬೇಕು. ಬೀಳದಿದ್ದರೆ ಅದು ಗೋಡೆಯ ಮೇಲಿದ್ದೂ ಇಲ್ಲದಂತೆ. ಬಿದ್ದರೆ ಆರ್‌ಸಿಸಿಬಿ ಸರಿಯಿದೆ ಎಂದಷ್ಟೇ ತಿಳಿಯುತ್ತದೆ, ಅರ್ಥಿಂಗ್ ಸರಿಯಿದೆಯೇ ಎಂದು ತಿಳಿಯುವುದಿಲ್ಲ. ಮೀಟರ್‌ವರೆಗಿನ ಲೈನ್‌ನಲ್ಲಿ ತೊಂದರೆ ಇದೆ ಎನಿಸಿದರೆ, ಉದಾಹರಣೆಗೆ ಕೆಲವು ದೀಪಗಳು ಇದ್ದಕ್ಕಿದ್ದಂತೆ ಅತಿಯಾಗಿ ಬೆಳಗಿದರೆ ಅಥವಾ ಮಂಕಾದರೆ, ಮೈನ್ ಆಫ್ ಮಾಡಿ ಜೆಸ್ಕಾಂನ 1912ಕ್ಕೆ ಕರೆ ಮಾಡಿ. ಮೀಟರ್‌ನಿಂದ ಈಚೆಯದು ಮನೆಯವರ ಹೊಣೆ.

ಅಳತೆಗಳು ಸಿಕ್ಕಿದ ಮೇಲೆ ಬೇಕಿದ್ದರೆ ಮತ್ತೆ ಬರೆಯಿರಿ. ಮೋಟಾರ್‌ನ ಅಳತೆ ಒಂದು ಮೆಗಾಓಮ್‌ಗಿಂತ ಕಡಿಮೆ ಬಂದರೂ ಕೂಡಲೇ ಮೋಟಾರ್ ಮೇಲೆತ್ತಿಸಲು ಹೋಗಬೇಡಿ. ಮೊದಲು ಬೋರ್ ಬಾಯಿಯ ಹತ್ತಿರದ ಜಾಯಿಂಟ್ ಬಿಚ್ಚಿಸಿ, ಸ್ಟಾರ್ಟರ್ ಕಡೆಯ ತುಂಡನ್ನೂ ಬೋರ್ ಕಡೆಯ ತುಂಡನ್ನೂ ಬೇರೆ ಬೇರೆಯಾಗಿ ಅಳೆಸಿ. ಬಿಸಿಲಿಗೆ ಬಿರಿದ ಮೇಲಿನ ಕೇಬಲ್‌ನಲ್ಲಿಯೇ ದೋಷವಿದ್ದರೆ ಮೋಟಾರ್ ಎತ್ತಿಸುವ ಖರ್ಚು ಉಳಿಯುತ್ತದೆ.